ಯಃ ಎಂದರೆ ಯಾವನು?

ಮಧುಗಿರಿಯ ಆಡಳಿತದ ಇತಿಹಾಸ ಬರೆಯುವವರು ಯಾರಾದರೂ ಇದ್ದರೆ, ಕಳೆದ ಆಷಾಢದ ಆ ಸೋಮವಾರವನ್ನು ದಯವಿಟ್ಟು ಬಿಡಬಾರದು. ಅಂದು ಬೆಳಿಗ್ಗೆ ಹತ್ತು ಗಂಟೆಗೆ ಗುಮಾಸ್ತ ರಂಗರಾಜುವಿಗೆ ಸಂಸ್ಕೃತದ 'ಯಃ' ಅರ್ಥವಾಯಿತು. 'ಸಃ' ಅರ್ಥವಾಗಲು ಮಾತ್ರ ಸಂಜೆ ಐದಾಯಿತು.

ರಂಗರಾಜು ಭಾನುವಾರ ಭಾನುವಾರ ನಿವೃತ್ತ ಮೇಷ್ಟ್ರು ಮಲ್ಲಿಕಾರ್ಜುನಯ್ಯನವರ ಮನೆಗೆ ಸಂಸ್ಕೃತ ಕಲಿಯಲು ಹೋಗುತ್ತಿದ್ದ. ಮೇಷ್ಟ್ರು ವ್ಯಾಕರಣವನ್ನೆಲ್ಲ ಸುಭಾಷಿತದಲ್ಲೇ ಅರೆದು ಕುಡಿಸುವವರು. "ಯಃ ಅಂದ್ರೆ ಯಾವನು, ಸಃ ಅಂದ್ರೆ ಅವನು. ಜೋಡೆತ್ತು ಕಣಯ್ಯ! ಒಂದನ್ನೇ ಕಟ್ಟಿ ಹೊಡೆದ್ರೆ ಗಾಡಿ ಸೀದಾ ಹಳ್ಳಕ್ಕೆ," ಎಂದು ಹೇಳಿ ಮನೆಪಾಠ ಕೊಟ್ಟಿದ್ದರು: ಅಂಥ ಒಂದು ಸುಭಾಷಿತ ಸ್ವಂತವಾಗಿ ಕಟ್ಟಬೇಕು, ಹತ್ತು ಜನ ಓದುವ ಜಾಗದಲ್ಲಿ ಬರೆಯಬೇಕು.

ಜಾಗವೇನೋ ಇತ್ತು. ರಂಗರಾಜುವಿನ ಉಪವಿಭಾಗ ಕಚೇರಿಯ ಜಗುಲಿಯಲ್ಲಿ 'ಇಂದಿನ ಸುಭಾಷಿತ' ಎಂಬ ಕಪ್ಪು ಹಲಗೆ. ಇಂದಿನದು ಬದಲಾಗಿ ಎರಡು ವರ್ಷವಾಗಿತ್ತು.

ಆದರೆ ಅಂದು ಕಚೇರಿಯಲ್ಲಿ ಸುಭಾಷಿತ ಓದುವ ಮುಖ ಯಾರದ್ದೂ ಇರಲಿಲ್ಲ. ಪಾವಗಡದ ಆಚೆ ಬಲಸಮುದ್ರದಲ್ಲಿ, ಸೋಲಾರ್ ಪ್ಯಾನೆಲ್ಲುಗಳ ನಡುವೆ, ಒಂದು ವರ್ಷದ ಕ್ಯಾಂಪ್ ಆಫೀಸು ತೆರೆಯುವುದಿತ್ತು. ಅಧಿಕಾರಿ ಗಂಗಾಂಬಿಕಾ ಮೇಡಂ ಶನಿವಾರವೇ ಸಾರಿದ್ದರು: "ಸೋಮವಾರ ಐದು ಗಂಟೆಗೆ ಯಾರ ಟೇಬಲ್ ಮೇಲೆ ಜಾಸ್ತಿ ಫೈಲ್ ಇರುತ್ತೋ, ಅವರೇ ಅಲ್ಲಿಗೆ."

ಮಧ್ಯಾಹ್ನ ಮನೆಗೆ ನಡೆದುಹೋಗಿ ಬಿಸಿ ಮುದ್ದೆ ಉಂಡು ಹತ್ತು ನಿಮಿಷ ಕಣ್ಣು ಮುಚ್ಚಿ ಬರುವ ರಂಗರಾಜುವಿಗೆ ಬಲಸಮುದ್ರವೆಂದರೆ ಅಂಡಮಾನ್. ಆದರೂ ಅವನಿಗೆ ಭಯವಿರಲಿಲ್ಲ. ಪರಮೇಶನ ಮೇಜಿನ ಮೇಲೆ ನಲವತ್ತಮೂರು ಫೈಲಿದ್ದವು. ಅವನು ಆಗಲೇ ಹಾಸಿಗೆ ಸುತ್ತಿಟ್ಟಿದ್ದ. ಸರಸಮ್ಮನವರದು ಇಪ್ಪತ್ತು. ರಂಗರಾಜುವಿನದು ಬರೀ ಒಂಬತ್ತು. ಕಟ್ಟನ್ನು ಪಕ್ಕಕ್ಕೆ ಸರಿಸಿ, ಸೀಮೆಸುಣ್ಣ ಹಿಡಿದು ಜಗುಲಿಗೆ ಬಂದ.

"ಯಃ ಶ್ವಃ ಕರಿಷ್ಯಾಮೀತಿ ವದತಿ ತಸ್ಯ ಶ್ವಃ ಕದಾಪಿ ನಾಯಾತಿ." ಕೆಳಗೆ ಕನ್ನಡದಲ್ಲಿ: "ಯಾವನು 'ನಾಳೆ ಮಾಡ್ತೀನಿ' ಅನ್ನುತ್ತಾನೋ ಅವನ ನಾಳೆ ಎಂದೂ ಬರುವುದಿಲ್ಲ."

ಎರಡು ಹೆಜ್ಜೆ ಹಿಂದೆ ಸರಿದು, ಹೆತ್ತವಳು ಮಗುವನ್ನು ನೋಡುವಂತೆ ನೋಡಿದ.

"ಯಾವನ್ಲಾ ಅದು ಯಾವನು?" ಹಿಂದೆ ಪರಮೇಶ್ ನಿಂತಿದ್ದ.

"ಯಾವನೂ ಅಲ್ಲ ಕಣೋ. ಯಾವನೋ ಒಬ್ಬ. ಸಂಸ್ಕೃತದಲ್ಲಿ ಹಂಗೇ ಬರೋದು."

"ಬಲಸಮುದ್ರಕ್ಕೆ ಹೋಗೋನ್ಗೆ ಬೋರ್ಡ್ ಹಾಕಿ ಕಳಿಸ್ತೀಯೇನೋ? ಅಳಿಸೋ!"

ಅಳಿಸಿದ. ಯಾರಿಗೂ ಚುಚ್ಚದ್ದು ಇರಲೆಂದು ಸ್ತ್ರೀಲಿಂಗಕ್ಕೆ ಹೋದ: "ಯಾ ಮೃದು ವದತಿ ಸಾ ಸರ್ವೇಷಾಂ ಪ್ರಿಯಾ. ಯಾವಳು ಮೆತ್ತಗೆ ಮಾತಾಡುತ್ತಾಳೋ ಅವಳು ಎಲ್ಲರಿಗೂ ಇಷ್ಟ."

"ಅಂದ್ರೆ ನಾನು ಜೋರಾಗಿ ಮಾತಾಡ್ತೀನಿ ಅಂತಾನಾ?" ಎಂದರು ಸರಸಮ್ಮ. ಬಸ್‌ಸ್ಟ್ಯಾಂಡಿನಲ್ಲಿ ಸಿರಾ ಬಸ್ಸಿಗೆ ಕಾದಿದ್ದವರು ತಿರುಗಿ ನೋಡಿದರು.

ಅದನ್ನೂ ಅಳಿಸುವಾಗ ಮೆಟ್ಟಿಲ ಮೇಲೆ ಕೂತಿದ್ದ ಕೊಳಾಲದ ದೊಡ್ಡರಂಗಯ್ಯ ಎದ್ದು ಬಂದ. ಎಂಟು ತಿಂಗಳಿಂದ ಒಂದು ಕಾಗದಕ್ಕೆ ಅಲೆಯುತ್ತಿದ್ದ ಮುದುಕ.

"ಯಾಕಪ್ಪ, ಮೊದಲ್ನೇದ ಅಳಿಸ್ಬುಟ್ಟೆ? ಚೆಂದಾಗಿತ್ತು."

"ಅದು ಸುಮ್ನೆ ಅಜ್ಜ, ಸುಭಾಷಿತ."

"ಸುಮ್ನೆ ಹೆಂಗಾಯ್ತದೆ? ಗೌರ್ಮೆಂಟ್ ಬೋರ್ಡು! ನಾಳೆ ಬರಾಕಿಲ್ಲ ಅಂತ ನೀವೇ ಬರ್ದಿದ್ರಿ. ಲೇ ಪಾಪಕ್ಕ, ಫೋಟೋ ತೋರ್ಸೇ!"

ಅವನ ಜೊತೆ ಬಂದಿದ್ದ ಅದೇ ಊರಿನ ಪಾಪಕ್ಕ ಸೆರಗಿನಿಂದ ಫೋನು ತೆಗೆದಳು. ಹಲಗೆ, ಸುಭಾಷಿತ, ರಂಗರಾಜುವಿನ ಬೆನ್ನು, ಎಲ್ಲ ಸ್ಪಷ್ಟವಾಗಿತ್ತು. "ನಮ್ಮೂರ ಗ್ರೂಪಿಗೂ ಹಾಕ್ಬುಟ್ಟೆ ಕಣಣ್ಣ," ಎಂದಳು ಸಂತೋಷದಿಂದ.

ದೊಡ್ಡರಂಗಯ್ಯ ಒಳಗೆ ಹೋಗಿ ಪರಮೇಶನ ಎದುರು ಕುರ್ಚಿ ಎಳೆದು ಕೂತ. "ನಾಳೆ ಬಾ ಅಂತ ಇನ್ಮ್ಯಾಕೆ ಅನ್ನಂಗಿಲ್ಲ ಸಾಮಿ. ಆರ್ಡರಾಗೈತೆ."

ಹನ್ನೊಂದೂವರೆಯ ಬಸ್ಸಿನಲ್ಲಿ ಬರಗೂರಿನವರು ಬಂದರು. ಮಧ್ಯಾಹ್ನ ಪಾವಗಡದವರು, "ಏಮಪ್ಪಾ, ಆ ಬೋರ್ಡ್ ಎಲ್ಲೈತೆ?" ಎಂದು ಕೇಳಿಕೊಂಡೇ ಇಳಿದರು. ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮೇಜುಗಳಿಗೆ ಜನ ಮುತ್ತಿತು. ಕೂತಿದ್ದವರು ಏಳಲಿಲ್ಲ, ಏಳಿಸಲು ಹೋದವರಿಗೆ ಫೋಟೋ ತೋರಿಸಿದರು. ಬೇರೆ ದಾರಿ ಕಾಣದೆ ಪರಮೇಶ್ ಫೈಲು ಬಿಚ್ಚಿದ. ಸರಸಮ್ಮ ಬಳೆ ಮೇಲಕ್ಕೆ ಸರಿಸಿ ಸೀಲು ಗುದ್ದತೊಡಗಿದರು.

ರಂಗರಾಜುವಿಗೆ ಒಳಗೆ ಹೋಗುವ ಧೈರ್ಯವಿರಲಿಲ್ಲ. ಹೋಗಲು ಜನ ಬಿಡಲೂ ಇಲ್ಲ. ಜನರ ಒತ್ತಾಯಕ್ಕೆ ಮೊದಲ ಸುಭಾಷಿತವನ್ನೇ ಮತ್ತೆ ಬರೆದ. ಬಸ್ಸಿಗೊಂದು ಸಲ ಅರ್ಥ ಹೇಳಿದ. ಯಃ ಎಂದು ಅವನು ಎಳೆದರೆ, ಎಳನೀರು ಮಾರುವವನೂ ಸೇರಿ ಎಲ್ಲರೂ ಸಃ ಎನ್ನುವಷ್ಟು ಪಾಠ ಮುಂದುವರಿಯಿತು. ಅಂದು ಅವನು ಮುದ್ದೆಗೂ ಹೋಗಲಿಲ್ಲ. ಮಲ್ಲಿಕಾರ್ಜುನಯ್ಯನವರೇ ಹಾಲು ತರಲು ಹೋಗುವಾಗ ನಿಂತು ನೋಡಿ, "ಪರವಾಗಿಲ್ಲ ಕಣಯ್ಯ, ಗಾಡಿ ಓಡ್ತಿದೆ," ಎಂದು ಹೋದರು.

ಐದು ಗಂಟೆಗೆ ಗಂಗಾಂಬಿಕಾ ಮೇಡಂ ಜೀಪಿನಿಂದ ಇಳಿದರು. ಹಲಗೆಯ ಮುಂದೆ ನಿಂತು ಎರಡು ಸಲ ಓದಿದರು. ಒಳಗೆ ಬಂದವರು ಬೆರಗಾದರು. ಕಚೇರಿಯಲ್ಲಿ ಮೇಜುಗಳ ಮರ ಕಾಣುತ್ತಿತ್ತು.

"ಓಬಳಯ್ಯ, ಎಣಿಸಿ."

ಜವಾನ ಓಬಳಯ್ಯ ಎಣಿಸಿದ. "ಪರಮೇಶಪ್ಪಂದು ಸೊನ್ನೆ ತಾಯಿ. ಸರಸಮ್ಮಾರ್ದು ಸೊನ್ನೆ. ಈ ಸಾಲ್ನಾಗೆ ಎಲ್ಲಾರ್ದೂ ಸೊನ್ನೆ."

"ಇಷ್ಟು ವರ್ಷದ ಸರ್ವಿಸಲ್ಲಿ ನಾನಿದನ್ನ ನೋಡಿಲ್ಲ. ಬೋರ್ಡಲ್ಲಿ ಬರ್ದೋರು ಯಾರು?"

ರಂಗರಾಜು ಮುಂದೆ ಬಂದ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವನ ಎದೆ ಅರ್ಧ ಇಂಚು ಮೇಲೇರಿತು. "ನಾನೇ ಮೇಡಂ. ಸ್ವಂತದ್ದು."

"ತುಂಬ ಚೆನ್ನಾಗಿದೆ ರಂಗರಾಜು." ಮೇಡಂ ಮೂಲೆಯ ಮೇಜಿನತ್ತ ನೋಡಿದರು. ಅಲ್ಲಿ ಒಂದು ಕಟ್ಟು ಗಂಟು ಬಿಚ್ಚದೆ ಕೂತಿತ್ತು. "ಆ ಫೈಲುಗಳು ಯಾರವು?"

ರಂಗರಾಜು ಕಟ್ಟನ್ನು ನೋಡಿದ. ಗೋಡೆ ಗಡಿಯಾರ ನೋಡಿದ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ನನ್ನವೇ ಮೇಡಂ. ನಾಳೆ ಮಾಡ್ತೀನಿ."

ಮಂಗಳವಾರ ಬೆಳಿಗ್ಗೆ ಆರೂವರೆ ಬಸ್ಸಿಗೆ ರಂಗರಾಜು ಬಲಸಮುದ್ರಕ್ಕೆ ಹೊರಟ. ಹಾಸಿಗೆಯನ್ನು ಪರಮೇಶ್ ಕೊಟ್ಟ.