ಕಡತ ಕಾಣೆಯಾದ ಮೂರು ಮನೆಗಳು

ಕಂಪ್ಯೂಟರ್ ಕೆಟ್ಟರೆ ರಿಪೇರಿ ಮಾಡಬಹುದು. ಆದರೆ ಏನು ಕೆಟ್ಟಿದೆ ಎಂದು ಅದು ಇಂಗ್ಲಿಷಿನಲ್ಲಿ ಬರೆದು, ಮನೆಯವರು ಅದನ್ನು ಓದಿ ಅರ್ಥ ಮಾಡಿಕೊಂಡುಬಿಟ್ಟರೆ, ಆಮೇಲೆ ರಿಪೇರಿ ಕಷ್ಟ. ನನಗೆ ಇದು ಮೇಲಿಂದ ಮೇಲೆ ಆಗಿದೆ.

ಎಂಬತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ, ಆರು ತಿಂಗಳು ಕಂಪ್ಯೂಟರ್ ಕಲಿತು, ಕೋಲಾರದ ಒಂದು ರೇಡಿಯೊ ಅಂಗಡಿಗೆ ಸೇರಿದ್ದೆ. ಅಂಗಡಿಯ ಸಾಹೇಬರು ಹೊಸ ಹುರುಪಿನಲ್ಲಿ ಮೂರು ಮನೆಗಳಿಗೆ ಮೂರು ಕಂಪ್ಯೂಟರ್ ಮಾರಿದ್ದರು. ಮೊದಲ ದಿನವೇ ನನಗೆ ಹೇಳಿದರು: “ನೋಡು ಭಾಯಿ, ಮೂರು ತಿಂಗಳು ಟ್ರಯಲ್. ಅಷ್ಟರಲ್ಲಿ ಒಂದೇ ಒಂದು ಮಿಷನ್ ವಾಪಸ್ ಬಂದ್ರೂ ನಿಂಗೆ ಸಲಾಮ್.”

ಆ ಯಂತ್ರಗಳಿಗೆ ಸ್ವಂತ ನೆನಪು ಇರಲಿಲ್ಲ. ಸ್ವಿಚ್ ಹಾಕಿದ ಕೂಡಲೇ ತಮಗೆ ಬೇಕಾದ ಸಿಸ್ಟಂ ಕಡತಗಳನ್ನು ಫ್ಲಾಪಿಯಲ್ಲಿ ಹುಡುಕುತ್ತಿದ್ದವು. ಫ್ಲಾಪಿ ಎಂದರೆ ಹಪ್ಪಳದ ಹಾಗೆ ತೆಳ್ಳಗಿನ, ಚೌಕಾಕಾರದ ಕಪ್ಪು ತಟ್ಟೆ. ಕಡತ ಸಿಗದಿದ್ದರೆ ತೆರೆಯ ಮೇಲೆ ಒಂದು ಸಾಲು ಬರೆದು ಸುಮ್ಮನಾಗುತ್ತಿದ್ದವು. ಸುಮ್ಮನಾಗದವರು ಮನೆಯವರು.

೧. ಮಾಲೂರಿನ ನೋಟೀಸು

ಮಾಲೂರಿನ ಮನೆ ಒಬ್ಬ ಹೆಂಚಿನ ಕಾರ್ಖಾನೆ ಮಾಲೀಕರದು. ಒಂದು ದಿನ ಅವರೇ ಫೋನ್ ಮಾಡಿದರು. “ಕಂಪ್ಯೂಟ್ರು ಸ್ಟ್ರೈಕ್ ನೋಟೀಸ್ ಕೊಟ್ಟೈತೆ. ಬೇಗ ಬಾಪ್ಪ.”

ಹೋಗಿ ನೋಡಿದೆ. ತೆರೆಯ ಮೇಲೆ ಹೀಗಿತ್ತು: ‘ನಾನ್-ಸಿಸ್ಟಂ ಡಿಸ್ಕ್. ರಿಪ್ಲೇಸ್ ಅಂಡ್ ಸ್ಟ್ರೈಕ್ ಎನಿ ಕೀ ವೆನ್ ರೆಡಿ.’ ಅಂದರೆ, ಈ ಫ್ಲಾಪಿಯಲ್ಲಿ ಸಿಸ್ಟಂ ಕಡತಗಳಿಲ್ಲ, ಬೇರೆ ಹಾಕಿ, ರೆಡಿಯಾದ ಮೇಲೆ ಯಾವುದಾದರೂ ಕೀಲಿ ಒತ್ತಿ. ಮಾಲೀಕರ ಕಣ್ಣಿಗೆ ಬಿದ್ದದ್ದು ‘ಸ್ಟ್ರೈಕ್’ ಒಂದೇ. ಕಾರ್ಖಾನೆಯ ಮೇಸ್ತ್ರಿಯನ್ನು ಕರೆಸಿ ಎದುರಿಗೆ ನಿಲ್ಲಿಸಿಕೊಂಡಿದ್ದರು.

“ನನ್ನ ಮನೆ ಮಿಷನ್ನಲ್ಲೇ ನನಗೆ ನೋಟೀಸ್ ಬರೀತೀಯೇನ್ಲಾ?”

“ನಂಗೆ ಕನ್ನಡದಾಗೆ ಸೈನ್ ಹಾಕೋಕೇ ಬರಲ್ಲ ಸಾಮಿ.”

ನಾನು ಫ್ಲಾಪಿ ಬದಲಿಸಿ ಕೀಲಿ ಒತ್ತಿದೆ. ಸಾಲು ಮಾಯವಾಯಿತು. ಮಾಲೀಕರು ಕುರ್ಚಿಗೆ ಒರಗಿದರು. ಅಷ್ಟರಲ್ಲಿ ಮೇಸ್ತ್ರಿ, ಅಲ್ಲಿ ಬರೆದಿದ್ದೇನು ಎಂದು ನನ್ನನ್ನು ಕೇಳಿದ. ಪದಪದಕ್ಕೂ ಅರ್ಥ ಹೇಳಿದೆ. ಅವನು ಸ್ವಲ್ಪ ಯೋಚಿಸಿ ಮಾಲೀಕರ ಕಡೆ ತಿರುಗಿದ.

“ಮಿಷನ್ನು ಸರಿಯಾಗೇ ಬರ್ದೈತೆ ಸಾಮಿ. ರೆಡಿ ಆದ್ಮೇಲೆ ಅಂತ ಐತೆ. ನಾವಿನ್ನೂ ರೆಡಿ ಆಗಿಲ್ಲ.”

೨. ಶ್ರೀನಿವಾಸಪುರದ ನಿಜಪ್ರತಿ

ಶ್ರೀನಿವಾಸಪುರದ ಯಜಮಾನರು ಸರ್ಕಾರಿ ಕಚೇರಿಯೊಂದರ ದಾಖಲೆ ಕೋಣೆಯಲ್ಲಿದ್ದು ನಿವೃತ್ತರಾದವರು. ಜಾತಕ ಬರೆಯಲು ಕಂಪ್ಯೂಟರ್ ಕೊಂಡಿದ್ದರು. ಒಂದು ಬೆಳಿಗ್ಗೆ ಅದು ‘ಫೈಲ್ ನಾಟ್ ಫೌಂಡ್’ ಎಂದಿತು.

ನಾನು ಹೋಗುವ ಹೊತ್ತಿಗೆ ಕೋಣೆಗೆ ಬೀಗ ಬಿದ್ದಿತ್ತು. ಮನೆಯವರೆಲ್ಲರಿಂದ ಹೇಳಿಕೆ ಬರೆಸಿಕೊಂಡಾಗಿತ್ತು. ಹೆಂಡತಿಯ ಹೇಳಿಕೆ ಒಂದೇ ಸಾಲು: ‘ಫೈಲು ಹೋದಾಗ ನಾನು ಮುದ್ದೆ ತೊಳಸುತ್ತಿದ್ದೆ.’

“ಯಾರೂ ಕದ್ದಿಲ್ಲ ಸಾರ್. ನನ್ನ ಹತ್ತಿರ ಅದರ ಕಾಪಿ ಇದೆ, ಹಾಕಿಬಿಡ್ತೀನಿ” ಎಂದೆ.

“ಕಾಪಿ ಅಂದ್ರೆ ಆಯ್ತೇನಪ್ಪ? ನಿಜಪ್ರತಿ ಅಂತ ಯಾರು ದೃಢೀಕರಿಸಿದ್ದಾರೆ?”

ಯಾರೂ ದೃಢೀಕರಿಸಿರಲಿಲ್ಲ. ನನ್ನನ್ನು ಎರಡು ಬೀದಿ ಆಚೆಯ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅವರು ಗೆಜೆಟೆಡ್ ಅಧಿಕಾರಿ. ಒಂದು ಎಮ್ಮೆಯ ಚಿಕಿತ್ಸೆ ಮುಗಿಸಿ ಬಂದು, ಫ್ಲಾಪಿಯನ್ನು ಹಿಂದೆ ಮುಂದೆ ನೋಡಿ, ಬಾಲ್ ಪೆನ್ನಿನಿಂದ ಒತ್ತಿ ಸಹಿ ಹಾಕಿ, ಮೊಹರು ಗುದ್ದಿದರು. ಫ್ಲಾಪಿಯ ಮೇಲೆ ಒತ್ತಿ ಬರೆಯಬಾರದು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎರಡನೇ ಮೊಹರೂ ಬಿತ್ತು.

ಕಡತ ಈಗ ದೃಢೀಕೃತವಾಗಿತ್ತು. ಓದಲು ಮಾತ್ರ ಬರುತ್ತಿರಲಿಲ್ಲ.

ಕೋಲಾರಕ್ಕೆ ಹೋಗಿ ಇನ್ನೊಂದು ಫ್ಲಾಪಿ ತಂದೆ. ಇದರ ಮೇಲೆ ಯಾರೂ ಬರೆಯಕೂಡದು ಎಂದು ಯಜಮಾನರಿಗೆ ಮೂರು ಸಲ ಹೇಳಿ, ಅವರ ಕೈಗೆ ಕೊಟ್ಟು, ಕಾಫಿ ಕುಡಿಯಲು ಒಳಗೆ ಹೋದೆ. ಬರುವಷ್ಟರಲ್ಲಿ ಹೊಸ ಸಹಿಯೂ ಆಗಿತ್ತು.

“ಗಾಬರಿಯಾಗಬೇಡ. ಫ್ಲಾಪಿ ಮುಟ್ಟಿಲ್ಲ. ಬೇರೆ ಕಾಗದದಲ್ಲಿ ಹಾಕಿಸಿದೀನಿ” ಎಂದರು.

ಆ ಕಾಗದವನ್ನು ಗುಂಡುಸೂಜಿಯಿಂದ ಫ್ಲಾಪಿಗೆ ಚುಚ್ಚಿದ್ದರು.

೩. ಮುಳಬಾಗಿಲಿನ ದುಭಾಷಿ

ನನ್ನ ಟ್ರಯಲ್ ಮುಗಿಯಲು ಎರಡು ದಿನ ಉಳಿದಿತ್ತು. ಮುಳಬಾಗಿಲಿನ ಹುಣಸೆಹಣ್ಣಿನ ವ್ಯಾಪಾರಿಯೊಬ್ಬರ ಮನೆಯಿಂದ ಫೋನ್ ಬಂತು. “ಮಿಷನ್ ವಾಪಸ್ ತಗೊಂಡು ಹೋಗಿ. ಅಮ್ಮನ ಆರ್ಡರ್.”

ನಡೆದದ್ದು ಇಷ್ಟು. ತೆರೆಯ ಮೇಲೆ ‘ಬ್ಯಾಡ್ ಆರ್ ಮಿಸ್ಸಿಂಗ್ ಕಮಾಂಡ್ ಇಂಟರ್‌ಪ್ರಿಟರ್’ ಎಂದು ಬಂದಿತ್ತು. ಅಂದರೆ, ನಾವು ಟೈಪ್ ಮಾಡಿದ್ದನ್ನು ಯಂತ್ರಕ್ಕೆ ತಿಳಿಸುವ ಕಡತ ಕೆಟ್ಟಿದೆ, ಇಲ್ಲವೇ ಕಾಣೆಯಾಗಿದೆ. ವ್ಯಾಪಾರಿಯ ತಾಯಿ ಪಲಮನೇರು ಕಡೆಯವರು, ತೆಲುಗು ಬಿಟ್ಟು ಬೇರೆ ಬಾರದು. ಏನು ಬರೆದಿದೆ ಎಂದು ಕೇಳಿದರು. ಇಂಟರ್‌ಪ್ರಿಟರ್ ಎಂದರೆ ಆ ಊರಿನಲ್ಲಿ ಒಬ್ಬರೇ: ಕೋರ್ಟಿನಲ್ಲಿ ತೆಲುಗು ಸಾಕ್ಷಿಗಳ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿದ್ದ, ಈಗ ನಿವೃತ್ತರಾದ ದುಭಾಷಿ. ಮಗ ‘ಮಿಸ್ಸಿಂಗ್’ ಅನ್ನು ತೆಲುಗಿಗೆ ಹಾಕಿ, “ದುಭಾಷಿ ಪೋಯಾಡು” ಎಂದರು. ತೆಲುಗಿನಲ್ಲಿ ಹಾಗೆಂದರೆ ‘ಹೋದ’ ಎಂದೂ ಆಗುತ್ತದೆ, ‘ತೀರಿಕೊಂಡ’ ಎಂದೂ ಆಗುತ್ತದೆ. ತಾಯಿ ಕೂಡಲೇ ಹೂವಿನ ಹಾರ ಕೊಟ್ಟು ಆಳನ್ನು ದುಭಾಷಿಯ ಮನೆಗೆ ಕಳಿಸಿದರು. ಬಾಗಿಲು ತೆಗೆದವರು ದುಭಾಷಿಯೇ.

ನಾನು ಹೋದಾಗ ಅವರು ಕರಿ ಕೋಟು ಹಾಕಿಕೊಂಡು ಕಂಪ್ಯೂಟರ್ ಪಕ್ಕದಲ್ಲೇ ಕೂತಿದ್ದರು. ಬದುಕಿರುವವರ ಸಾವು ಸಾರುವ ವಸ್ತು ಮನೆಯಲ್ಲಿ ಬೇಡ ಎಂಬುದು ಅಮ್ಮನ ತೀರ್ಪು. ಡಬ್ಬ, ಹಗ್ಗ, ಹುಲ್ಲು ಎಲ್ಲ ಸಿದ್ಧವಾಗಿತ್ತು.

“ಹತ್ತು ನಿಮಿಷ ಕೊಡಿ” ಎಂದೆ. ನನ್ನ ಫ್ಲಾಪಿ ಹಾಕಿ, ಕಡತ ಸೇರಿಸಿ, ಮತ್ತೆ ಶುರು ಮಾಡಿದೆ. ಯಂತ್ರ ಎದ್ದಿತು. ಅಮ್ಮ ಒಪ್ಪಲಿಲ್ಲ.

“ಮಳ್ಳೀ ಇಟ್ಲಾ ಚೆಪ್ತಾದಾ ಅಡುಗು” ಎಂದರು.

ನಮ್ಮ ಮನೆಯಲ್ಲೂ ತೆಲುಗೇ. ಉತ್ತರ ಹೇಳಲು ಹೊರಟೆ. ದುಭಾಷಿ ಕೈ ಎತ್ತಿದರು. “ನಾನಿರುವಾಗ ನೇರ ಮಾತಾಡಕೂಡದು. ಮತ್ತೆ ಹೀಗೆ ಹೇಳುತ್ತದೆಯೇ ಎಂದು ಯಜಮಾನಿ ಕೇಳುತ್ತಾರೆ.”

ಕೆಲಸ ಉಳಿಯಬೇಕಾದರೆ ಇಲ್ಲ ಎನ್ನಬೇಕಿತ್ತು. ಆದರೆ ಓದಿದ್ದು ವಿಜ್ಞಾನ. “ಹೇಳಬಹುದು. ಕರೆಂಟು ಏರುಪೇರಾದರೆ ಕಡತ ಮತ್ತೆ ಹಾಳಾಗಬಹುದು. ಗ್ಯಾರಂಟಿ ಕೊಡೋಕಾಗಲ್ಲ” ಎಂದೆ. ಹಗ್ಗದ ಕಡೆ ನೋಡಿದೆ. ಕನ್ನಡ ಬಲ್ಲ ಮಗ ಸೂರು ನೋಡತೊಡಗಿದರು.

ದುಭಾಷಿ ಕೋಟಿನ ಗುಂಡಿ ಸರಿಮಾಡಿಕೊಂಡು, ಅಮ್ಮನ ಕಡೆ ತಿರುಗಿ, ಗಂಭೀರವಾಗಿ ಹೇಳಿದರು: “ಚೆಪ್ಪದಂಟಮ್ಮಾ.”

ಹೇಳುವುದಿಲ್ಲವಂತೆ.

ಅಮ್ಮ ಹಗ್ಗ ಒಳಗಿಡಿಸಿ ನನಗೆ ಒಬ್ಬಟ್ಟು ಹಾಕಿಸಿದರು. ಯಂತ್ರ ಉಳಿಯಿತು, ನಾನೂ ಉಳಿದೆ. ಹೊರಗೆ ಬಂದಾಗ ದುಭಾಷಿಯವರನ್ನು ಮೆಲ್ಲಗೆ ಕೇಳಿದೆ. “ನಾನು ಹೇಳಿದ್ದು ಅದಲ್ಲವಲ್ಲ ಸ್ವಾಮಿ?”

ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದರು:

“ಬ್ಯಾಡ್ ಇರಬಹುದಪ್ಪ. ಮಿಸ್ಸಿಂಗ್ ಅಂತೂ ಅಲ್ಲ.”