ಹನ್ನೆರಡು ಸಿಟ್‌ಅಪ್, ಬರೆದದ್ದು ಮೂವತ್ತು

ಮಗಳ ಅಂಕಗಳಿಗಾಗಿ ನನ್ನ ದೇಹವನ್ನೇ ಮುಡಿಪಾಗಿಡುತ್ತೇನೆ ಎಂದು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ವಿಷಯ ಇಷ್ಟೇ. ಒಂಬತ್ತನೇ ಕ್ಲಾಸಿನ ನನ್ನ ಮಗಳಿಗೆ ದೈಹಿಕ ಶಿಕ್ಷಣದ ಟೀಚರ್ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಮನೆಯ ದೊಡ್ಡವರೊಬ್ಬರ ಶಕ್ತಿ ಸಾಮರ್ಥ್ಯ ಅಳೆಯಬೇಕು, ಆರು ವಾರ ಕ್ರಮಬದ್ಧವಾಗಿ ತರಬೇತಿ ಕೊಡಬೇಕು, ಮತ್ತೆ ಅಳೆದು ಏನಾಯಿತೆಂದು ಬರೆಯಬೇಕು. ಮುಂದಿನ ವರ್ಷ ಆ ವಿಷಯವನ್ನೇ ಆರಿಸಿಕೊಳ್ಳಬೇಕೆಂದು ಅವಳಿಗೆ ಬಹಳ ಆಸೆ. ಐವತ್ತಕ್ಕೆ ನಲವತ್ತೈದಾದರೂ ಬಾರದಿದ್ದರೆ ಸೀಟಿಲ್ಲ.

ಅವಳು ಮೊದಲು ಅಮ್ಮನನ್ನೇ ಆರಿಸಬೇಕೆಂದಿದ್ದಳು. ನನ್ನ ಹೆಂಡತಿ ಬಸ್ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಯಾವುದನ್ನೂ ಹಿಡಿಯದೆ ನಿಂತು, ತಿರುವಿನಲ್ಲೂ ಚಿಲ್ಲರೆ ಎಣಿಸಬಲ್ಲವಳು. ಆದರೆ ಆಮೇಲೆ ಮಗಳೇ ಯೋಚಿಸಿ, ಅಮ್ಮ ಈಗಾಗಲೇ ಗಟ್ಟಿ, ಸುಧಾರಿಸಲು ಜಾಗವಿಲ್ಲ ಎಂದಳು. ನಂತರ ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನಲ್ಲಿ ಬೇಕಾದಷ್ಟು ಜಾಗವಿದೆ ಎಂದಳು.

ನನ್ನದು ಕನ್ನಡಕದ ಅಂಗಡಿ. ಇಪ್ಪತ್ತು ವರ್ಷದಿಂದ ಒಂದೇ ಸ್ಟೂಲಿನ ಮೇಲೆ ಕೂತು, ಸಾಸಿವೆಗಿಂತ ಚಿಕ್ಕ ತಿರುಪು ತಿರುಗಿಸುವುದು ನನ್ನ ವ್ಯಾಯಾಮ. ಆದರೂ ಆ ನೋಟ ನನ್ನನ್ನು ಕೆಣಕಿತು. ಶಾಲೆಯಲ್ಲಿ ನಾನು ಓಟದ ತಂಡದ ಜೊತೆಗಿದ್ದವನು ಎಂದು ನೆನಪಿಸಿದೆ. ತಂಡದವರ ಚಪ್ಪಲಿ ಕಾಯುತ್ತಿದ್ದೆ ಎಂಬ ವಿವರವನ್ನು ಹೇಳುವ ಅಗತ್ಯ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಪರೀಕ್ಷೆ. ಮೊದಲನೆಯದು ಒಂದು ನಿಮಿಷದಲ್ಲಿ ಎಷ್ಟು ಸಿಟ್‌ಅಪ್ ಎಂಬುದು. ನಾನು ಚಾಪೆಯ ಮೇಲೆ ಮಲಗಿದೆ, ಹೆಂಡತಿ ಪಾದ ಒತ್ತಿ ಹಿಡಿದಳು, ಮಗಳು ಫೋನಿನಲ್ಲಿ ಟೈಮರ್ ಹಚ್ಚಿದಳು. ಅಷ್ಟರಲ್ಲಿ ಅವಳ ಗೆಳತಿಯ ಕರೆ ಬಂತು. ಗೋಡೆ ಗಡಿಯಾರ ನೋಡಿ ಎಣಿಸಿಕೊಳ್ಳಿ ಎಂದು ಹೇಳಿ ಫೋನಿನೊಂದಿಗೆ ವರಾಂಡಕ್ಕೆ ಓಡಿದಳು. ಅವಳು ಮರಳುವ ಹೊತ್ತಿಗೆ ನಾನು ಹನ್ನೆರಡು ಮುಗಿಸಿ ಛಾವಣಿ ನೋಡುತ್ತಾ ಮಲಗಿದ್ದೆ.

"ಎಷ್ಟಾಯ್ತಪ್ಪ?"

"ಮೂವತ್ತು" ಎಂದೆ.

ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಟಿಕೆಟ್ ಇಲ್ಲದ ಪ್ರಯಾಣಿಕನನ್ನು ನೋಡುವಂತೆ ಹೆಂಡತಿ ನನ್ನನ್ನು ನೋಡಿದಳು. ಮಗಳು ಬರೆದುಕೊಂಡಳು.

ಎರಡನೆಯದು ಕಾಲು ಚಾಚಿ ಕೂತು, ಮುಂದಕ್ಕೆ ಬಾಗಿ, ಕೈ ಎಲ್ಲಿಯವರೆಗೆ ಹೋಗುತ್ತದೆಂದು ಅಳೆಯುವ ಪರೀಕ್ಷೆ. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಸಲೀಸು. ಅಗಲವಾದ ಪೈಜಾಮದೊಳಗೆ ಮಂಡಿಯನ್ನು ಸದ್ದಿಲ್ಲದೆ ಮಡಚಿದೆ. ಬೆರಳು ಪಾದ ದಾಟಿ ಹನ್ನೊಂದು ಸೆಂಟಿಮೀಟರ್ ಹೋಯಿತು. ಗೆದ್ದವನ ಗತ್ತಿನಲ್ಲಿ ಎದ್ದು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಹೆಂಡತಿ ಹಿಂದೆಯೇ ಬಂದಳು.

"ಈಗ್ಲೇ ಮೂವತ್ತು, ಹನ್ನೊಂದು ಅಂತ ಬರೆಸಿದ್ದೀರಲ್ಲ, ಆರು ವಾರ ಆದ್ಮೇಲೆ ಇದಕ್ಕಿಂತ ಜಾಸ್ತಿ ಎಲ್ಲಿಂದ ತರ್ತೀರಿ?"

ಲೋಟ ಕೆಳಗಿಟ್ಟೆ. ಪೆದ್ದನಾದರೂ ಐದೇ ಮಾಡಿ ಸುಮ್ಮನಿರುತ್ತಿದ್ದ. ನಾನು ಜಾಣ, ಹಾಗಾಗಿ ನನ್ನ ಎದುರಾಳಿಯಾಗಿ ಇಲ್ಲದ ಒಬ್ಬ ಪೈಲ್ವಾನನನ್ನು ಸೃಷ್ಟಿಸಿಕೊಂಡಿದ್ದೆ. ಹೋಗಿ ಮಗಳಿಗೆ ನಿಜ ಹೇಳಬಹುದಿತ್ತು. ಅದರ ಬದಲು, ಸುಳ್ಳನ್ನು ನಿಜ ಮಾಡಿಯೇ ತೀರುತ್ತೇನೆಂದು ಪಣ ತೊಟ್ಟೆ.

ಮಗಳು ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದಳು. ವಾರಕ್ಕೆ ಮೂರು ದಿನ, ದಿನಕ್ಕೆ ಹದಿನೈದು ನಿಮಿಷ, ಮೊದಲು ಮೈ ಬಿಸಿ ಮಾಡಿಕೊಳ್ಳಬೇಕು, ನಡುವೆ ವಿಶ್ರಾಂತಿಯ ದಿನಗಳು. ಓವರ್‌ಲೋಡ್ ಅಂದರೆ ದೇಹಕ್ಕೆ ರೂಢಿಯಿರುವುದಕ್ಕಿಂತ ತುಸು ಹೆಚ್ಚು ಕೆಲಸ ಕೊಡುವುದು, ಅದನ್ನು ಹಂತ ಹಂತವಾಗಿಯೇ ಏರಿಸಬೇಕು ಎಂದು ವಿವರಿಸಿದಳು. ಓವರ್‌ಲೋಡ್ ಆದರೆ ನಮ್ಮ ಬಸ್ಸಿಗೆ ಕೇಸು ಹಾಕುತ್ತಾರೆ ಎಂದಷ್ಟೇ ಹೇಳಿ ಹೆಂಡತಿ ಡ್ಯೂಟಿಗೆ ಹೊರಟಳು.

ಹಂತಗಳಿಗೆಲ್ಲ ನನಗೆ ಸಮಯವೆಲ್ಲಿತ್ತು? ಮನೆಯಲ್ಲಿ ಮಗಳ ಎದುರು ಅವಳು ಹೇಳಿದಷ್ಟು, ಅಂಗಡಿಯಲ್ಲಿ ಗುಟ್ಟಾಗಿ ಅದರ ನಾಲ್ಕರಷ್ಟು. ಗಿರಾಕಿಗಳಿಲ್ಲದಾಗ ಕೌಂಟರಿನ ಹಿಂದೆ ನೆಲದ ಮೇಲೆ ಮಲಗಿ ಸಿಟ್‌ಅಪ್ ಶುರು ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಹದಿನಾಲ್ಕನೆಯದಕ್ಕೆ ಎದ್ದಾಗ ಕೌಂಟರಿನ ಪಕ್ಕದ ಸಂದಿಯಲ್ಲಿ ವಯಸ್ಸಾದ ಗಿರಾಕಿಯೊಬ್ಬರ ಮುಖ ಕಂಡಿತು. ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆಂದು ಮತ್ತೆ ಮಲಗಿದೆ, ಮತ್ತೆ ಎದ್ದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ನನ್ನ ಕಣ್ಣು ಪೂರ್ತಿ ಹೋಯ್ತು ಅನ್ಸುತ್ತೆ," ಎಂದರು ಕಳವಳದಿಂದ. "ನೀವು ಒಂದ್ಸಲ ಇದ್ದೀರಿ, ಒಂದ್ಸಲ ಇಲ್ಲ."

ಅವರಿಗೆ ನಂಬರ್ ಬದಲಾಗಿಲ್ಲ ಎಂದು ಮನವರಿಕೆ ಮಾಡಲು ಅರ್ಧ ಗಂಟೆ ಹಿಡಿಯಿತು.

ಮೂರನೇ ವಾರಕ್ಕೆ ನಾನು ಹದಿನೆಂಟು ತಲುಪಿದ್ದೆ. ಸೀನಿದರೆ ಹೊಟ್ಟೆಯೆಲ್ಲ ಹಿಂಡಿದಂತಾಗುತ್ತಿತ್ತು, ನಗುವುದನ್ನಂತೂ ಬಿಟ್ಟೇಬಿಟ್ಟಿದ್ದೆ. ಆದರೆ ಬಾಗುವ ವಿಷಯದಲ್ಲಿ ಮಾತ್ರ ಕೈ ಪಾದದ ಹತ್ತಿರವೂ ಸುಳಿಯುತ್ತಿರಲಿಲ್ಲ. ರಜೆಯ ದಿನ ನನಗೊಂದು ಉಪಾಯ ಹೊಳೆಯಿತು. ಮಲಗುವ ಕೋಣೆಯೊಳಗೆ, ಮುಚ್ಚಿದ ಬಾಗಿಲಿನ ಮುಂದೆ ಕಾಲು ಚಾಚಿ ಕೂತು, ಪಾದಗಳನ್ನು ಹೊಸ್ತಿಲಿಗೆ ಒತ್ತಿ, ಬಾಗಿಲಿನ ಹಿಡಿಗೆ ಉದ್ದದ ಟವಲ್ ಕಟ್ಟಿ, ಅದರ ತುದಿಗಳನ್ನು ಎರಡೂ ಮಣಿಕಟ್ಟಿಗೆ ಸುತ್ತಿಕೊಂಡೆ. ಮೈ ಬಿಸಿ ಮಾಡಿಕೊಂಡಿರಲಿಲ್ಲ. ಟವಲ್ ಎಳೆಯುತ್ತಾ ಇಂಚಿಂಚಾಗಿ ಬಾಗತೊಡಗಿದೆ.

ಆ ಬಾಗಿಲು ಹಾಲ್ ಕಡೆಗೆ ತೆರೆಯುತ್ತದೆ. ಬೆಳಗಿನ ಡ್ಯೂಟಿ ಮುಗಿಸಿ ಬಂದ ಹೆಂಡತಿ, ಬಾಗಿಲು ಯಾಕೋ ಬಿಗಿಯಾಗಿದೆ ಎಂದುಕೊಂಡು, ದಿನಾ ಬಸ್ಸಿನ ಬಾಗಿಲು ಎಳೆದು ಪಳಗಿದ ಕೈಯಿಂದ ಒಮ್ಮೆ ಜಗ್ಗಿದಳು.

ಆ ಕ್ಷಣದಲ್ಲಿ ನನ್ನ ಕೈ ಹನ್ನೊಂದಲ್ಲ, ಇಪ್ಪತ್ತು ಸೆಂಟಿಮೀಟರ್ ದಾಟಿತ್ತೆಂದು ಇಂದಿಗೂ ನನ್ನ ನಂಬಿಕೆ. ಅಳೆಯಲು ಯಾರೂ ಇರಲಿಲ್ಲ. ತೊಡೆಯ ಹಿಂಭಾಗದಲ್ಲಿ ಏನೋ ಛಳಕ್ ಎಂದಿತು. ನಾನು ಹೊಸ್ತಿಲಾಚೆ ಮೂಗು ಊರಿ ಬಿದ್ದಿದ್ದೆ, ಕೈಗಳು ಇನ್ನೂ ಬಾಗಿಲಿಗೆ ನೇತಾಡುತ್ತಿದ್ದವು.

ಯಾವ ಆಟ ಆಡುತ್ತೀರೆಂದು ಡಾಕ್ಟರ್ ಗೌರವದಿಂದ ಕೇಳಿದರು. ಟವಲ್ ಆಟ ಎಂದು ಹೆಂಡತಿ ಉತ್ತರಿಸಿದಳು. ಮೂರು ವಾರ ಸಂಪೂರ್ಣ ವಿಶ್ರಾಂತಿ ಎಂದು ಚೀಟಿ ಬರೆದುಕೊಟ್ಟರು.

ಆರನೇ ವಾರ ಮುಗಿದ ದಿನ, ಡಾಕ್ಟರ್ ಒಪ್ಪಿಗೆ ಪಡೆದು ಮಗಳು ಮತ್ತೆ ಅಳೆದಳು. ಸಿಟ್‌ಅಪ್ ಏಳು. ಕೈ ಮಂಡಿಯ ಕೆಳಗೆ ಒಂದು ಗೇಣು ಇಳಿದು ನಿಂತಿತು. ಅವಳು ಮೇಜಿನ ಮುಂದೆ ಕೂತು ಗ್ರಾಫ್ ಎಳೆಯುತ್ತಿದ್ದಳು. ಗೆರೆ ಮೂವತ್ತರಿಂದ ಏಳಕ್ಕೆ ಇಳಿಯುತ್ತದೆ ಎಂದುಕೊಂಡೆ. ಅವಳ ಸೀಟು ಹೋಗುವುದು ನನ್ನ ಕಾಲಿನಿಂದಲ್ಲ, ಬಾಯಿಂದ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಹನ್ನೆರಡರ ಕಥೆ, ಪೈಜಾಮದ ಕಥೆ, ಕೌಂಟರಿನ ಹಿಂದಿನ ಕಥೆ, ಒಂದನ್ನೂ ಬಿಡಲಿಲ್ಲ.

ಅವಳು ತಲೆ ಎತ್ತಲಿಲ್ಲ. "ಗೊತ್ತಪ್ಪ. ಹನ್ನೆರಡು ಅಂತ ಅಮ್ಮ ಅವತ್ತೇ ಹೇಳಿದ್ಳು, ಗ್ರಾಫಲ್ಲಿ ಅದನ್ನೇ ಹಾಕಿದ್ದೀನಿ. ಮಂಡಿ ನಾನೇ ನೋಡ್ದೆ. ಅಂಗಡಿ ವಿಷಯ ಮಾತ್ರ ಗೊತ್ತಿರ್ಲಿಲ್ಲ, ದಿನಕ್ಕೆ ಎಷ್ಟು ಮಾಡ್ತಿದ್ದೆ ಅಂತ ಸರಿಯಾಗಿ ಹೇಳು, ಬರ್ಕೋತೀನಿ."

"ಗೊತ್ತಿದ್ದೂ ಯಾಕಮ್ಮ ಸುಮ್ಮನಿದ್ದೆ?"

"ನೀನು ಅಷ್ಟು ಖುಷಿಯಾಗಿದ್ದೆ," ಎಂದಳು.

ನೆನಪಿದ್ದಷ್ಟು ಲೆಕ್ಕವನ್ನು ದಿನದಿನವಾಗಿ ಒಪ್ಪಿಸಿದೆ.

ಹತ್ತು ದಿನ ಬಿಟ್ಟು ಟೀಚರ್ ನನ್ನನ್ನು ಶಾಲೆಗೆ ಕರೆಸಿದರು. ಏನಾದರೂ ಆಗಲಿ, ತಪ್ಪು ನನ್ನದು, ಮಗುವಿನದಲ್ಲ ಎಂದು ಹೇಳಿಯೇ ಬರುವುದೆಂದು ನಿರ್ಧರಿಸಿ, ಕುಂಟುತ್ತಾ ಹೋದೆ. ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿದ್ದ ಆಕೆ ನನ್ನನ್ನು ಕಂಡೊಡನೆ ಎದ್ದು ನಿಂತು, ತಾವೇ ಕುರ್ಚಿ ಎಳೆದುಕೊಟ್ಟರು. ಮಗಳಿಗೆ ಐವತ್ತಕ್ಕೆ ನಲವತ್ತೊಂಬತ್ತು ಬಂದಿತ್ತು.

ಒಂದು ವರ್ಷದಿಂದ ತಾವು ಬೋರ್ಡಿನ ಮೇಲೆ ಬರೆದು ಒರೆಸಿದ್ದೆಲ್ಲ ಮಕ್ಕಳಿಗೆ ಈಗ ಅರ್ಥವಾಯಿತು ಎಂದರು. ಮೈ ಬಿಸಿ ಮಾಡದಿದ್ದರೆ ಏನಾಗುತ್ತದೆ, ಒಮ್ಮೆಗೇ ಭಾರ ಏರಿಸಿದರೆ ಏನಾಗುತ್ತದೆ, ಅಭ್ಯಾಸ ನಿಂತರೆ ಗಳಿಸಿದ್ದು ಹೇಗೆ ಕರಗುತ್ತದೆ, ಎಲ್ಲಕ್ಕೂ ಒಂದೇ ವರದಿಯಲ್ಲಿ ಉದಾಹರಣೆ ಇದೆ, ಅದನ್ನು ಇಡೀ ಕ್ಲಾಸಿಗೆ ಓದಿಸಿದೆ ಎಂದರು. ನನ್ನ ಎದೆ ತಂತಾನೇ ಉಬ್ಬತೊಡಗಿತು. ನಾಳೆಯಿಂದಲೇ ಮತ್ತೆ ಶುರು ಮಾಡುತ್ತೇನೆ, ಈ ಸಲ ವೇಳಾಪಟ್ಟಿ ಪ್ರಕಾರವೇ, ಎಂದು ವೀರಾವೇಶದಿಂದ ಹೇಳಿದೆ.

ಟೀಚರ್ ಗಾಬರಿಯಾದರು.

"ಬೇಡ ಸಾರ್. ಮುಂದಿನ ವರ್ಷದ ಮಕ್ಕಳಿಗೂ ನಿಮ್ಮನ್ನೇ ತೋರಿಸ್ಬೇಕು. ಅಲ್ಲೀವರೆಗೂ ದಯವಿಟ್ಟು ಹೀಗೇ ಇರಿ."