ಆಮೆಗೂಡಿಗೆ ಕಾವಲು ಕೂತ ಕ್ಷೌರಿಕ

ಎಲ್ಲಕ್ಕೂ ಕಾರಣ ಆರ್ಗಿರಿಸನ ಹೊಸ ಹಲ್ಲು.

ಆರ್ಗಿರಿಸ್ ನಮ್ಮೂರಿನ ಕ್ಷೌರಿಕ. ಅವನ ಕುರ್ಚಿಯಲ್ಲಿ ಕೂತವನ ಗಡ್ಡ ಬೇಗ ಮುಗಿಯುತ್ತಿತ್ತು, ಕತೆ ಮುಗಿಯುತ್ತಿರಲಿಲ್ಲ. ಕತೆ ಮುಗಿಯುವಷ್ಟರಲ್ಲಿ ಗಡ್ಡ ಮತ್ತೆ ಬೆಳೆದಿರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಈಚೆಗೆ ಅವನ ಮನಸ್ಸು ನಿವೃತ್ತ ಟೀಚರ್ ಪೊಲಿಕ್ಸೆನಿಯ ಕಡೆ ವಾಲಿತ್ತು. ಅವಳಿಗೂ ಗಂಡ ಇರಲಿಲ್ಲ. ಕೇಳಿಬಿಡೋಣವೆಂದರೆ ಬಾಯಲ್ಲಿ ಉಳಿದಿದ್ದವೆಲ್ಲ ಮುರುಕು ಹಲ್ಲುಗಳು. ಅವನ್ನು ಕೀಳಿಸಿ, ಒಸಡು ಮಾಯುವ ತನಕ ಪೇಟೆಯ ತಂಗಿ ಮನೆಯಲ್ಲಿ ಅಡಗಿದ್ದು, ಎರಡು ಸಾಲು ಹೊಸ ಹಲ್ಲು ಕಟ್ಟಿಸಿಕೊಂಡು ಶನಿವಾರ ಊರಿಗೆ ಬಂದ. ಎಡಗಡೆಯ ಕೋರೆಹಲ್ಲಿಗೆ ಚಿನ್ನದ ಹೊದಿಕೆ ಬೇರೆ.

ಬಂದವನ ಕಿವಿಗೆ ಬಿದ್ದ ಮೊದಲ ಸುದ್ದಿ, ಪೊಲಿಕ್ಸೆನಿ ಭಾನುವಾರ ಸಂಜೆಯ ಬಸ್ಸಿಗೆ ಅಥೆನ್ಸಿಗೆ ಹೊರಟಿದ್ದಾಳೆ, ಇನ್ನು ಅಕ್ಕನ ಜೊತೆ ಅಲ್ಲೇ ಇರುತ್ತಾಳೆ ಎಂಬುದು. ಕೇಳುವುದಿದ್ದರೆ ಭಾನುವಾರವೇ ಕೇಳಬೇಕು. ಭಾನುವಾರ ಅವಳು ಸಿಗುವ ಜಾಗ ಒಂದೇ, ಕಡಲ ದಂಡೆ. ಊರವರನ್ನು ಕಟ್ಟಿಕೊಂಡು ದಂಡೆಯ ಕಸ ಹೆಕ್ಕಿಸುವುದು, ಮರಳುದಿಬ್ಬಕ್ಕೆ ಹುಲ್ಲು ನೆಡಿಸುವುದು, ಆಮೆ ಮೊಟ್ಟೆ ಇಟ್ಟಲ್ಲಿ ಕಬ್ಬಿಣದ ಜಾಲರಿಯ ಪಂಜರ ಕವುಚುವುದು, ಇವೆಲ್ಲ ಅವಳ ಯಜಮಾನಿಕೆ.

ಬೆಳಿಗ್ಗೆ ಆರ್ಗಿರಿಸ್ ಎಲ್ಲರಿಗಿಂತ ಮೊದಲು ದಂಡೆಗೆ ಹೋದ. ಹೊಸ ಹಲ್ಲು ಒಸಡನ್ನು ಏಡಿಯಂತೆ ಕಚ್ಚುತ್ತಿತ್ತು. ಕೆಲಸ ಮುಗಿಯುವವರೆಗೆ ತೆಗೆದಿಡೋಣ ಎಂದುಕೊಂಡ. ಚಡ್ಡಿಗೆ ಜೇಬಿಲ್ಲ. ಒಂದು ಕಡೆ ಮರಳು ಮೆತ್ತಗಿತ್ತು. ಹಲ್ಲುಗಳನ್ನು ಕರವಸ್ತ್ರದಲ್ಲಿ ಸುತ್ತಿ ಅಲ್ಲಿ ಹೂತ, ಗುರುತಿಗೊಂದು ಕಡ್ಡಿ ನೆಟ್ಟ, ಚೀಲ ಹೆಗಲಿಗೇರಿಸಿ ದಂಡೆಯ ಆ ತುದಿಗೆ ಹೋದ. ಹರಿದ ಬಲೆ, ಬಾಟಲಿ, ಒಂಟಿ ಚಪ್ಪಲಿಗಳನ್ನು ತುಂಬಿಕೊಂಡು ವಾಪಸು ಬಂದವನು ಅಲ್ಲೇ ಕಲ್ಲಾದ. ಅವನ ಕಡ್ಡಿಯ ಮೇಲೆ ಪಂಜರ ಕೂತಿತ್ತು. "ಆಮೆಗೂಡು, ಮುಟ್ಟಿದರೆ ದಂಡ" ಎಂಬ ಫಲಕವೂ ನಿಂತಿತ್ತು.

"ಬಾ ಆರ್ಗಿರಿಸ್!" ಪೊಲಿಕ್ಸೆನಿಯ ಮುಖ ಅರಳಿತ್ತು. "ಈ ವರ್ಷದ ಮೊದಲನೇ ಗೂಡು! ಯಾರೋ ಪುಣ್ಯಾತ್ಮರು ಕಡ್ಡಿ ನೆಟ್ಟು ಗುರುತು ಮಾಡಿದಾರೆ ನೋಡು. ಇನ್ನು ಎರಡು ತಿಂಗಳು ಇದನ್ನ ಯಾರೂ ಮುಟ್ಟೋ ಹಾಗಿಲ್ಲ."

ಆರ್ಗಿರಿಸ್ ಬಾಯಿ ತೆರೆಯಲು ಹೋಗಿ ಗಪ್ಪನೆ ಮುಚ್ಚಿದ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ಅವನಿಗಾಗಿಯೇ ಮಾಡಿದಂತಿತ್ತು.

"ನಾನು ಸಂಜೆ ಹೊರಟುಬಿಡ್ತೀನಿ. ನೀನು ಇದನ್ನ ಕಾಯ್ತೀಯಾ?"

ನಮ್ಮಲ್ಲಿ ಇಲ್ಲ ಎನ್ನಲು ನಾಲಗೆ ಬೇಕಿಲ್ಲ, ಗದ್ದ ಮೇಲಕ್ಕೆ ಎಗರಿಸಿದರೆ ಸಾಕು. ಹೂಂ ಎನ್ನಲು ತಲೆ ತಗ್ಗಿಸಿದರಾಯಿತು. ಆರ್ಗಿರಿಸ್ ತಲೆ ತಗ್ಗಿಸಿದ. ಕಾವಲಿನ ನೆಪದಲ್ಲಾದರೂ ಹಲ್ಲಿನ ಹತ್ತಿರ ಇರಬಹುದಲ್ಲ!

ಅವಳು ಅತ್ತ ಹೋದದ್ದೇ ಮುದುಕ ಝಿಸಿಸ್ ಬಂದ. ಝಿಸಿಸ್ ಹಳೆಯ ಬೆಸ್ತ. ಅವನ ಕೆನ್ನೆ ಎಷ್ಟು ಒಳಗೆ ಹೋಗಿತ್ತೆಂದರೆ, ಗಡ್ಡ ಹೆರೆಯುವಾಗ ಆರ್ಗಿರಿಸ್ ಅವನ ಬಾಯೊಳಗೆ ಹೆಬ್ಬೆರಳಿಟ್ಟು ಕೆನ್ನೆಯನ್ನು ಹೊರಕ್ಕೆ ಒತ್ತಬೇಕಾಗಿತ್ತು. ಇವತ್ತೇಕೋ ಆ ಕೆನ್ನೆ ತುಂಬಿಕೊಂಡಿತ್ತು. ಹೇಗೆ ಎಂದು ಯೋಚಿಸಲು ಕ್ಷೌರಿಕನಿಗೆ ಪುರುಸೊತ್ತಿರಲಿಲ್ಲ.

"ಏನಯ್ಯಾ, ಮಾತೇ ಇಲ್ಲ? ನಿಮ್ಮನೇಲಿ ಯಾರಾದ್ರೂ ಹೋಗಿಬಿಟ್ರಾ?"

ಗದ್ದ ಮೇಲಕ್ಕೆ ಹೋಯಿತು.

"ಜ್ವರವಾ? ಜಗಳವಾ? ಮತ್ತೇನು ಮಾರಾಯ? ನೀನು ಬಾಯಿ ಮುಚ್ಚಿದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ!"

ಅಷ್ಟರಲ್ಲಿ ಬ್ರೆಡ್ ಅಂಗಡಿಯ ಫ್ರೋಸೊ ಚೀಲ ಎಳೆದುಕೊಂಡು ಬಂದಳು. ಊರಿನ ಯಾವ ಸುದ್ದಿಯೂ ಅವಳ ಒಲೆಯಲ್ಲಿ ಬೇಯದೆ ಹೊರಗೆ ಬರುತ್ತಿರಲಿಲ್ಲ. ಆರ್ಗಿರಿಸನನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ, ಇಷ್ಟೂ ಗೊತ್ತಾಗಲ್ವಾ ನಿಂಗೆ? ಮೌನವ್ರತ ಕಣೋ! ದೇವರ ತಾಯಿಗೆ ಹರಕೆ ಹೊತ್ಕೊಂಡಿದಾನೆ, ಮರಿ ಹೊರಗೆ ಬರೋ ತನಕ ಮಾತಾಡಲ್ಲ ಅಂತ!" ಎಂದಳು.

ಆರ್ಗಿರಿಸ್ ಗದ್ದವನ್ನು ಜೋರಾಗಿ ಎಗರಿಸಿದ. "ನೋಡಿದ್ಯಾ? ಆಕಾಶ ತೋರಿಸ್ತಿದಾನೆ," ಎಂದಳು ಫ್ರೋಸೊ.

ಹರಕೆಯ ಸುದ್ದಿ ದಂಡೆಯ ಉದ್ದಕ್ಕೂ ಓಡಿತು. ಕಸ ಹೆಕ್ಕುತ್ತಿದ್ದವರು ಚೀಲ ಬಿಟ್ಟು ಬಂದು ಅವನನ್ನು ನೋಡಿ ಶಿಲುಬೆ ಗುರುತು ಮಾಡಿಕೊಂಡರು. ಯಾರೋ ತಲೆಯ ಮೇಲೆ ಕೊಡೆ ನೆಟ್ಟರು. ಒಬ್ಬ ಅಜ್ಜಿ ಪಕ್ಕದಲ್ಲಿ ಮೋಂಬತ್ತಿ ಹಚ್ಚಿಟ್ಟು, ತನ್ನ ಸೊಸೆಯ ಮೇಲಿನ ದೂರನ್ನೆಲ್ಲ ಅವನ ಮುಂದೆ ತೋಡಿಕೊಂಡಳು. ಆರ್ಗಿರಿಸ್ ಇಂಗು ತಿಂದ ಮಂಗನಂತೆ ಕೂತಿದ್ದ. ತಾನು ಕಾಯುತ್ತಿರುವುದು ಆಮೆಯನ್ನೋ, ಹಲ್ಲನ್ನೋ, ಹರಕೆಯನ್ನೋ ಅವನಿಗೇ ತಿಳಿಯದಾಯಿತು.

ಜನ ಚದುರಿದ ಒಂದು ಗಳಿಗೆ ನೋಡಿ ಪಂಜರದ ಅಡಿಗೆ ಕೈ ತೂರಿಸಿದ. ಮೊಣಕೈವರೆಗೆ ಹೋದ ಕೈ ಅಲ್ಲೇ ಸಿಕ್ಕಿಹಾಕಿಕೊಂಡಿತು.

"ನೋಡ್ರೇ, ನೋಡ್ರೇ!" ಹಿಂದಿನಿಂದ ಫ್ರೋಸೊ ಕೂಗಿದಳು. "ಬಿಸಿಲಿಗೆ ಮೊಟ್ಟೆ ಕಾಯಬಾರ್ದು ಅಂತ ಕೈಯಲ್ಲಿ ನೆರಳು ಮಾಡ್ತಿದಾನೆ! ತಾಯಿ ಕರುಳು ಕಣ್ರೇ ಇವನದು!"

ಅವನು ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಎಲ್ಲರಿಗೂ ಊಟ, ಕೆಂಡದಲ್ಲಿ ಸುಟ್ಟ ಆಕ್ಟೋಪಸ್. ಪೊಲಿಕ್ಸೆನಿ ತಾನೇ ತಟ್ಟೆ ತಂದಳು. ಆರ್ಗಿರಿಸನ ಹೊಟ್ಟೆ ಚುರುಗುಟ್ಟುತ್ತಿತ್ತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಕಣ್ಣು ಮುಚ್ಚಿಕೊಂಡು ಗದ್ದ ಎತ್ತಿದ.

"ಉಪವಾಸವೂ ಇದೆಯಾ!" ಪೊಲಿಕ್ಸೆನಿಯ ದನಿ ಒದ್ದೆಯಾಯಿತು.

"ಅವನಿಗೆ ಬೇಡ ಅಂದ್ರೆ ಇಲ್ಲಿ ಕೊಡಮ್ಮ," ಎಂದು ಝಿಸಿಸ್ ತಟ್ಟೆ ಎಳೆದುಕೊಂಡು ಕೊಡೆಯ ಹಿಂದೆ ಹೋಗಿ ಕೂತ.

ಪೊಲಿಕ್ಸೆನಿ ಆರ್ಗಿರಿಸನ ಪಕ್ಕ ಮರಳಿನಲ್ಲಿ ಕೂತಳು.

"ಒಂದು ವಿಷಯ ಹೇಳ್ತೀನಿ, ತಪ್ಪು ತಿಳ್ಕೋಬೇಡ. ನಮ್ಮೆಜಮಾನ್ರು ಒಳ್ಳೆಯವರೇ. ಆದ್ರೆ ಮಾತು! ನಿದ್ದೇಲೂ ಮಾತು. ಅವರು ಹೋದ್ಮೇಲೆ ನನ್ನ ಕಿವಿಗೆ ಬಿಡುವು ಸಿಕ್ತು. ನೀನೂ ಅದೇ ಜಾತಿ ಅಂದ್ಕೊಂಡು ನಿನ್ನಿಂದ ದೂರ ಇದ್ದೆ. ಇವತ್ತು ನೋಡಿದ್ರೆ... ಒಂದು ಗೂಡಿಗೋಸ್ಕರ ಬೆಳಿಗ್ಗೆಯಿಂದ ತುಟಿ ಬಿಚ್ಚದ ಗಂಡಸು! ಇಂಥವನ ಜೊತೆ ಮುದಿತನ ಕಳೆಯಬಹುದು ಅನ್ನಿಸ್ತು. ಬಸ್ ಬಿಟ್ಟುಬಿಡ್ಲಾ?"

ಆರ್ಗಿರಿಸನಿಗೆ ಕಿವಿಯನ್ನು ನಂಬಲಾಗಲಿಲ್ಲ. ತಾನು ಕೇಳಬೇಕೆಂದಿದ್ದನ್ನು ಅವಳೇ ಕೇಳುತ್ತಿದ್ದಾಳೆ! ತಲೆಯನ್ನು ಎದೆಗೆ ತಾಗುವಷ್ಟು ತಗ್ಗಿಸಿದ. ಖುಷಿಗೆ ಕಣ್ಣು ತುಂಬಿ ಬಂತು.

ಎಲ್ಲ ಕೇಳಿಸಿಕೊಂಡಿದ್ದ ಝಿಸಿಸ್ ಕೊಡೆಯ ಹಿಂದಿನಿಂದ ಗಹಗಹಿಸಿ ನಕ್ಕ. ಆರ್ಗಿರಿಸ್ ತಿರುಗಿ ನೋಡಿದ. ಮುದುಕನ ಬಾಯಲ್ಲಿ ಎರಡು ಸಾಲು ಬೆಳ್ಳನೆಯ ಹಲ್ಲು. ಎಡಗಡೆ ಚಿನ್ನದ ಕೋರೆ.

"ನನ್ನ ಹಲ್ಲು!"

ಇಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ. ಆದರೆ ಬೆಳಿಗ್ಗೆಯಿಂದ ಕಟ್ಟಿ ಹಾಕಿದ್ದ ಮಾತು, ಕಟ್ಟೆಯೊಡೆದು ಬಂತು. ಕಳ್ಳ ಬೆಸ್ತನಿಂದ ಶುರುವಾಗಿ ಪೇಟೆಯ ದಂತವೈದ್ಯ, ತಂಗಿ ಮನೆಯ ಉಪ್ಪಿಲ್ಲದ ಗಂಜಿ, ಒಸಡಿನ ನೋವು, ಕರವಸ್ತ್ರ, ಕಡ್ಡಿ, ಪಂಜರ, ಅಜ್ಜಿಯ ಸೊಸೆ, ಎಲ್ಲ ಹೊರಬಿತ್ತು. "ಇದರೊಳಗೆ ಆಮೆನೂ ಇಲ್ಲ, ಮೊಟ್ಟೆನೂ ಇಲ್ಲ, ನಾನು ಹೂತ ಹಲ್ಲು ಇತ್ತು ಅಷ್ಟೇ!" ಎಂದು ಕೊನೆಗೆ ಏದುಸಿರು ಬಿಡುವಷ್ಟರಲ್ಲಿ ಹೊತ್ತು ಸಂಜೆಗೆ ವಾಲಿತ್ತು.

ಪೊಲಿಕ್ಸೆನಿ ಮಂಡಿಯೂರಿದಳು. ಪಂಜರ ಸರಿಸಿ, ಬೆರಳಿನಿಂದ ಮೆಲ್ಲಗೆ ಮರಳು ತೆಗೆದಳು. ಮೊಳದಾಳದಲ್ಲಿ ಬೆಳ್ಳಗೆ, ದುಂಡಗೆ, ಮೊಟ್ಟೆಗಳು ಒಂದರ ಮೇಲೊಂದು ಕೂತಿದ್ದವು.

"ಮರಳು ಯಾಕೆ ಮೆತ್ತಗಿತ್ತು ಅಂದ್ಕೊಂಡೆ? ರಾತ್ರಿ ಆಮೆ ಅಗೆದಿತ್ತು," ಎಂದು ಮತ್ತೆ ಮರಳು ಮುಚ್ಚಿ ಪಂಜರ ಕವುಚಿದಳು. ಎದ್ದು ಮೊಣಕಾಲಿನ ಮರಳು ಕೊಡವಿಕೊಂಡು ರಸ್ತೆಯ ಕಡೆ ನಡೆದಳು. ಬಸ್ಸಿನ ಹಾರನ್ ಕೇಳಿಸುತ್ತಿತ್ತು.

ಝಿಸಿಸ್ ಹಲ್ಲು ಕಳಚಿ, ಪ್ಯಾಂಟಿಗೆ ಒರೆಸಿ, ಆರ್ಗಿರಿಸನ ಅಂಗೈಯಲ್ಲಿಟ್ಟ. "ತಗೋ ಮಾರಾಯ. ಪಂಜರ ಇಡೋ ಮೊದಲು ಕಸ ಹೆಕ್ಕುವಾಗ ಕಡ್ಡಿ ಬುಡದಲ್ಲಿ ಬಟ್ಟೆ ತುದಿ ಕಾಣ್ತು, ಎಳೆದ್ರೆ ಹಲ್ಲು! ಕಡಲು ಕೊಟ್ಟಿದ್ದು ಅಂದ್ಕೊಂಡೆ. ನಂಗೂ ಒಸಡು ಕಚ್ತಾ ಇತ್ತು."

ಆರ್ಗಿರಿಸ್ ಹಲ್ಲು ಹಾಕಿಕೊಂಡು ಓಡಿದ. ಬಸ್ಸು ಹೊರಟಿತ್ತು. ಕಿಟಕಿಯ ಪಕ್ಕವೇ ಓಡುತ್ತಾ, "ಪೊಲಿಕ್ಸೆನಿ, ಹಲ್ಲಿಲ್ಲ ಅಂತ ಬೇಜಾರಾ? ಈಗ ಇದೆ, ನೋಡು!" ಎಂದು ಬಾಯಗಲಿಸಿ ತೋರಿಸಿದ.

ಅವಳು ಕಿಟಕಿಯಿಂದ ಬಗ್ಗಿದಳು. "ನನ್ನವೂ ಕಟ್ಟಿಸಿದ ಹಲ್ಲೇ ಕಣೋ, ಎರಡು ಸಾಲೂ! ಹಲ್ಲಿಲ್ಲದ್ದು ತೊಂದ್ರೆ ಅಲ್ಲ. ನಾಲಗೆ ಇರೋದು ತೊಂದ್ರೆ. ಗೂಡು ಜೋಪಾನ!"

ಬಸ್ಸು ತಿರುವಿನಲ್ಲಿ ಮರೆಯಾಯಿತು. ಆರ್ಗಿರಿಸ್ ದಂಡೆಗೆ ವಾಪಸು ಬಂದ. ಕೊಡೆ, ಮೋಂಬತ್ತಿ, ಜನ, ಎಲ್ಲ ಹೋಗಿದ್ದರು. ಪಂಜರದ ಪಕ್ಕ ಕೂತು, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದ. ಮೊಟ್ಟೆಗಳಂತೂ ಎದ್ದು ಹೋಗುವ ಹಾಗಿರಲಿಲ್ಲ.